ಹಲ್ಲು ಕಡಿಯುವವಳ ಊಟ

ನಿದ್ದೆಯಲ್ಲಿ ನಾನು ಹಲ್ಲು ಕಡಿಯುತ್ತೇನೆ ಅನ್ನುವುದು ನನಗೆ ಗೊತ್ತಾದದ್ದು ಕಂಪ್ಲಿಯಲ್ಲಿ, ನನ್ನ ಅಣ್ಣನ ಮಗಳ ಮದುವೆಗೆ ಹೋದಾಗ. ತವರುಮನೆ ತುಂಬ ಬೀಗರು, ನೆಂಟರು. ಹೆಂಗಸರೆಲ್ಲ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಸಾಲಾಗಿ ಮಲಗಿದ್ದೆವು. ಬೆಳಿಗ್ಗೆ ಎದ್ದು ಮುಖ ತೊಳೆದು, ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತರೆ ಎಲ್ಲರೂ ನನ್ನ ಕಡೆ ನೋಡುವುದು, ಮತ್ತೆ ಮುಖ ತಿರುಗಿಸಿ ನಗುವುದು. ಕೊನೆಗೆ ಬಾಯಿ ಬಿಟ್ಟವಳು ನನ್ನ ನಾದಿನಿ. ನನ್ನ ಗಂಡನ ತಂಗಿ ಅವಳು, ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಅವಳ ಸಂಸಾರ.

"ಅತ್ತಿಗಿ, ರಾತ್ರೆಲ್ಲ ಏನು ಕಡದ್ರಿ? ಇಲಿ ಅಕ್ಕಿ ಚೀಲ ಕಡಿಯಾಕತ್ತಾವ ಅಂತ ನಾನು ಮೊಬೈಲ್ ಟಾರ್ಚ್ ಹಚ್ಕೊಂಡು ಎದ್ದು ಕುಂತೆ. ನೋಡಿದ್ರ ನಿಮ್ಮ ಬಾಯಿ!"

ಪಡಸಾಲೆಯೆಲ್ಲ ಹೋ ಎಂದು ನಕ್ಕಿತು. ನಾನೂ ನಕ್ಕೆ. ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಬೀಗರ ಕಡೆಯ ಹಿರಿಯಳೊಬ್ಬಳು, "ಹೊಟ್ಟಿಯಾಗ ಹುಳಾ ಅದಾವ, ಅದಕ್ಕ ಕಡೀತಾಳ" ಅಂದಳು. ಆಕೆಯ ಪಕ್ಕದಲ್ಲಿ ಎಲೆ ಮಡಚುತ್ತಿದ್ದ ಇನ್ನೊಬ್ಬಳು ತಲೆ ಅಲ್ಲಾಡಿಸಿ, "ಹುಳಾ ಸಣ್ಣ ಹುಡುಗ್ರಿಗೆ. ದೊಡ್ಡ ಹೆಂಗಸು ಹಲ್ಲು ಕಡದ್ರ ಮನೀಗೆ ಆಗಂಗಿಲ್ಲ. ಮನಿ ಮಂದೀನ ಕಡ್ಕೊಂಡು ತಿಂತಾಳ" ಅಂದಳು.

ನನ್ನ ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅವರ ಮುಖ ನೋಡಿದೆ. ಮಾವ ಹೋದದ್ದು, ಹೊಸಪೇಟೆಯ ಕಿರಾಣಿ ಅಂಗಡಿ ಮುಚ್ಚಿದ್ದು, ಎಮ್ಮೆ ಸತ್ತದ್ದು, ಎಲ್ಲವೂ ಒಂದೊಂದಾಗಿ ಅವರ ಕಣ್ಣ ಮುಂದೆ ಬರುತ್ತಿದ್ದವು. ಇಷ್ಟು ವರ್ಷ ಕಾರಣ ಸಿಗದೆ ಕಾಡಿದ್ದ ಕಷ್ಟಗಳಿಗೆ ಅಂದು ಬೆಳಿಗ್ಗೆ ಉಪ್ಪಿಟ್ಟಿನ ಜೊತೆ ಕಾರಣ ಸಿಕ್ಕಿಬಿಟ್ಟಿತ್ತು.

ನನಗೆ ಸಿಟ್ಟು ಬಂತು. "ಅವ್ವಾರ, ನಿದ್ದಿ ಒಳಗ ನನ್ನ ಹಲ್ಲು ನಾನು ಕಡ್ಕೊಳ್ತೀನಿ. ಎಚ್ಚರ ಇದ್ದಾಗ ಯಾರನ್ನೂ ಕಡದಿಲ್ಲಲ್ಲ, ಪುಣ್ಯ ಅಂದ್ಕೊಳ್ರಿ" ಅಂದೆ. ಆಕೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನನ್ನ ಅಣ್ಣ ಹೊರಗಿನಿಂದ ಬಂದು, "ಏ, ಇವತ್ತೊಂದಿನ ಸುಮ್ಕಿರು" ಎಂದು ಪಿಸುಗುಟ್ಟಿದ.

ಮದುವೆ ಮುಗಿಸಿ ಬರುವಾಗ ಕಾರಿನಲ್ಲಿ ನನ್ನ ಗಂಡನನ್ನು ಕೇಳಿದೆ: "ಪಕ್ಕದಾಗ ಮಲಗೋರು ನೀವು. ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಸಿಟ್ಟಾಗ್ತಿ ಅಂತ."

ಹಿಂದಿನ ಸೀಟಿನಿಂದ ಅತ್ತೆ, "ಸಿಟ್ಟೇ ಬ್ಯಾನಿ ಆಕಿಗೆ" ಅಂದರು. ನನ್ನ ಗಂಡ ಸಂಡೂರಿನಲ್ಲಿ ಒಂದು ಅದಿರಿನ ಗಣಿಯ ಕಚೇರಿಯಲ್ಲಿ ಕೆಲಸ ಮಾಡುವವರು, ಲಾರಿಗಳ ಸದ್ದಿನಲ್ಲೂ ಕುರ್ಚಿಯಲ್ಲೇ ನಿದ್ದೆ ಮಾಡಬಲ್ಲ ಮನುಷ್ಯ. ನನ್ನ ಹಲ್ಲಿನ ಸದ್ದು ಅವರಿಗೆ ದೊಡ್ಡದಲ್ಲ. ಆದರೆ ನನಗೆ ಅದುವರೆಗೂ ಅರ್ಥವಾಗದಿದ್ದ ಕೆಲವು ಸಂಗತಿಗಳು ಕಾರಿನಲ್ಲಿ ಕೂತಿರುವಾಗ ಅರ್ಥವಾದವು. ಬೆಳಿಗ್ಗೆ ಎದ್ದ ಕೂಡಲೇ ಕಪಾಳದ ಎರಡೂ ಕಡೆ ನೋವು. ಕಿವಿಯ ಮುಂದೆ ಕಟಕ್ ಎನ್ನುವ ಸದ್ದು. ತಣ್ಣೀರು ಕುಡಿದರೆ ಜುಂ ಎನ್ನುವ ಹಲ್ಲು. ಅವನ್ನೆಲ್ಲ ನಾನು ಹಂಪಿಯ ಬಿಸಿಲಿನ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಹಂಪಿಯಲ್ಲಿ ನಾನು ಗೈಡು. ಇತಿಹಾಸದಲ್ಲಿ ಎಂ.ಎ. ಮಾಡಿ, ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ತರಬೇತಿ ಮುಗಿಸಿ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡೆ. ಹೊಸಪೇಟೆಯಿಂದ ಸ್ಕೂಟಿಯಲ್ಲಿ ಕಮಲಾಪುರದ ಮೇಲೆ ಹೋಗಿಬರುತ್ತೇನೆ. ಮಗಳೀಗ ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುತ್ತಾಳೆ. ಮನೆಯಲ್ಲಿ ನಾನು, ಅವರು, ಅತ್ತೆ. ಈ ಕೆಲಸಕ್ಕೆ ಸೇರುವಾಗಲೂ ಜಗಳವಾಗಿತ್ತು, ಅದು ಬೇರೆ ಕಥೆ. ಬಾಯಿಯಿಂದ ಅನ್ನ ದುಡಿಯುವವಳು ನಾನು. ಬಾಯಿಗೆ ಏನಾದರೂ ಆದರೆ ಸುಮ್ಮನಿರಲು ಆಗುವುದಿಲ್ಲ.

ಅತ್ತೆ ಸುಮ್ಮನಿರಲಿಲ್ಲ. ಮರುದಿನದಿಂದಲೇ ನನ್ನ ಊಟ ಅವರ ವಶಕ್ಕೆ ಹೋಯಿತು. ಮೊದಲು ಹುಳದ ಮಾತ್ರೆ. ಅದನ್ನು ನಾನೂ ಒಪ್ಪಿ ನುಂಗಿದೆ, ಕಳೆದುಕೊಳ್ಳುವುದು ಏನಿದೆ ಎಂದು. ಆಮೇಲೆ ಬೆಳಿಗ್ಗೆ ಬೇವಿನ ಎಲೆಯ ರಸ. ಬೆಲ್ಲ ಬಂದ್, ಬಾಳೆಹಣ್ಣು ಬಂದ್, ಶೇಂಗಾ ಹೋಳಿಗೆ ಬಂದ್. ಹುಳಕ್ಕೆ ಸಿಹಿ ಸಿಗಬಾರದಂತೆ. ಹುಳ ಸಾಯಲಿಲ್ಲ, ನನ್ನ ದವಡೆಯ ನೋವೂ ಹೋಗಲಿಲ್ಲ. ಆಗ ಅತ್ತೆ ಕಂಪ್ಲಿಯಲ್ಲಿ ಎಲೆ ಮಡಚುತ್ತಿದ್ದ ಹೆಂಗಸಿನ ಮಾತಿಗೆ ಬಂದರು. ಮನೆಗೆ ತಗುಲಿದ ಕೆಡುಕು ಹೋಗಬೇಕಾದರೆ ಸೋಮವಾರ ಉಪವಾಸ ಮಾಡಬೇಕು, ಸಂಜೆ ದೀಪ ಹಚ್ಚಿದ ಮೇಲೆ, ಗಂಡ ಬಂದು ಉಂಡ ಮೇಲೆ, ಒಪ್ಪತ್ತು ಊಟ.

ಅದನ್ನೂ ಕೆಲವು ಸೋಮವಾರ ಮಾಡಿದೆ. ಮನೆಯ ಶಾಂತಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಕಡೆ ಉಪವಾಸದಲ್ಲಿ ಚಾ ಕುಡಿಯಬಹುದು, ಅದು ಎಲ್ಲರೂ ಒಪ್ಪಿದ ಮಾತು. ಹಸಿದಾಗಲೆಲ್ಲ ಚಾ, ತಲೆ ತಿರುಗಿದರೆ ಚಾ, ಟೂರ್ ಮುಗಿದರೆ ಚಾ. ಮಂಗಳವಾರ ಬೆಳಿಗ್ಗೆ ಏಳುವಾಗ ಕಪಾಳವನ್ನು ಯಾರೋ ಇಕ್ಕಳದಲ್ಲಿ ಹಿಡಿದಂತೆ ಇರುತ್ತಿತ್ತು. ಬೇರೆ ದಿನಕ್ಕಿಂತ ಮಂಗಳವಾರವೇ ಹೆಚ್ಚು. ಅದು ನನಗೆ ಕಂಡಿತು. ಅತ್ತೆಗೆ ಹೇಳಿದೆ.

"ಅತ್ತಿ, ನಾನು ಉಪಾಸ ಬಿಟ್ಟೆ."

"ಯಾಕ?"

"ಉಪಾಸ ಇದ್ದ ಮರುದಿನ ಜಾಸ್ತಿ ಆಗ್ತೈತಿ."

"ದೇವ್ರ ಮ್ಯಾಲೆ ಹೇಳಬ್ಯಾಡ."

"ದೇವ್ರ ಮ್ಯಾಲಲ್ಲ, ಖಾಲಿ ಹೊಟ್ಟಿ ಮ್ಯಾಲೆ ಹೇಳಾಕತ್ತೀನಿ. ಇನ್ನ ಬಾಳೆಹಣ್ಣೂ ತಿಂತೀನಿ." ಅಂದು ಅಲ್ಲೇ ಗೊನೆಯಿಂದ ಒಂದು ಹಣ್ಣು ಮುರಿದು, ಅವರ ಎದುರೇ ಸುಲಿದು ತಿಂದೆ. ಕಂಪ್ಲಿಯ ಹಣ್ಣು, ನನ್ನ ಅಣ್ಣ ಕಳಿಸಿದ್ದು. ಅಷ್ಟು ರುಚಿಯಾದ ಬಾಳೆಹಣ್ಣು ನಾನು ಆಮೇಲೆ ತಿಂದಿಲ್ಲ.

ಆದರೆ ಬಾಳೆಹಣ್ಣಿನಿಂದ ದವಡೆ ಸರಿಹೋಗಲಿಲ್ಲ. ಚಳಿಗಾಲ ಬಂತು, ಸೀಸನ್ ಶುರುವಾಯಿತು. ಹಾವೇರಿ ಕಡೆಯಿಂದ ನಿವೃತ್ತ ಶಿಕ್ಷಕರ ಒಂದು ತಂಡ ಬಂದಿತ್ತು. ಗಂಡಸರು, ಹೆಂಗಸರು, ಕೆಲವರ ಕೈಯಲ್ಲಿ ಕೋಲು. ಬೆಳಿಗ್ಗೆಯಿಂದ ಸುತ್ತಾಡಿ, ಮಧ್ಯಾಹ್ನ ಆನೆಲಾಯದ ಮುಂದಿನ ಹುಲ್ಲಿನ ಮೇಲೆ ಅವರನ್ನು ಕೂರಿಸಿ ಗುಮ್ಮಟಗಳ ಬಗ್ಗೆ ಹೇಳುತ್ತಿದ್ದೆ. ನಡುವೆ ಆಕಳಿಕೆ ಬಂತು. ತಡೆದೆ. ಇನ್ನೊಂದು ಬಂತು, ಮುಖ ತಿರುಗಿಸಿ ಬಾಯಿ ತೆರೆದೆ. ಕಿವಿಯ ಮುಂದೆ ಕಟಕ್ ಎಂದಿತು. ಬಾಯಿ ಮುಚ್ಚಿಕೊಂಡು ಮತ್ತೆ ಮಾತಾಡಲು ಹೋದರೆ ದವಡೆ ಬಿಚ್ಚುತ್ತಿಲ್ಲ. ಬೆರಳಿನಷ್ಟು ತೆರೆಯುತ್ತದೆ, ಅದರಾಚೆ ಯಾರೋ ಚಿಲಕ ಹಾಕಿದ್ದಾರೆ.

ನನಗೆ ಹೆದರಿಕೆಯಾಯಿತು. ಎದುರಿಗೆ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಮುಂದಿನ ಸಾಲಿನಲ್ಲಿದ್ದ ಬಿಳಿ ಕೂದಲಿನ ಟೀಚರಮ್ಮ ಎದ್ದು ಬಂದರು.

"ಯಾಕವ್ವ, ಬಾಯಿ ಹಿಡಿತೇನು?"

ಹೌದೆಂದು ತಲೆ ಅಲ್ಲಾಡಿಸಿದೆ. ಅವರು ತಮ್ಮ ಥರ್ಮಾಸಿನ ಬಿಸಿನೀರನ್ನು ಕರವಸ್ತ್ರಕ್ಕೆ ಹಾಕಿ ಹಿಂಡಿ ನನ್ನ ಕೆನ್ನೆಗೆ ಇಟ್ಟರು. "ಸಾಕು, ನಡಿ, ಕುಂದ್ರು. ಉಳಿದದ್ದು ನಾವು ಬೋರ್ಡಿನ ಮ್ಯಾಲೆ ಓದ್ಕೋತೀವಿ."

ಬೇಡ ಎಂದು ಕೈ ಮಾಡಿದೆ. ಹಲ್ಲು ಕಚ್ಚಿಕೊಂಡೇ, ಆ ಬೆರಳಷ್ಟು ಸಂದಿಯಲ್ಲೇ ಮಾತು ತೂರಿಸಿದೆ. ನಿಧಾನವಾಗಿ ಹೇಳಿದೆ, ಕೈಯಲ್ಲಿ ಹೆಚ್ಚು ತೋರಿಸಿದೆ. ಹಿಂದಿನಿಂದ ಒಬ್ಬರು ಕೂಗಿದರು: "ಹೇಳವ್ವ, ತಿಳೀತೈತಿ. ನಮ್ಮ ಸಾಲ್ಯಾಗ ಹೆಡ್‌ಮಾಸ್ತರು ಸರ್ವಿಸ್ ಪೂರಾ ಹಿಂಗ ಹಲ್ಲು ಕಚ್ಕೊಂಡ ಮಾತಾಡ್ತಿದ್ರು." ಎಲ್ಲರೂ ನಕ್ಕರು, ನನಗೂ ನಗು ಬಂತು, ನಕ್ಕರೆ ಇನ್ನೂ ನೋವು. ಆದರೂ ಕಮಲ ಮಹಲು ತೋರಿಸಿ, ಅವರನ್ನು ಬಸ್ಸು ಹತ್ತಿಸಿಯೇ ಬಿಟ್ಟೆ.

ಗೈಡುಗಳು ಕೂರುವ ಮರದ ಕೆಳಗೆ ಬಂದಾಗ ಸಂಗತಿ ಅಲ್ಲಿಗೆ ನನಗಿಂತ ಮೊದಲೇ ತಲುಪಿತ್ತು. ನನ್ನ ಜೊತೆಯ ಗೈಡೊಬ್ಬ, ಕೆಟ್ಟವನಲ್ಲ, ಕನಿಕರದಿಂದಲೇ ಹೇಳಿದ: "ಮೇಡಂ, ಹೆಣ್ಮಕ್ಕಳಿಗೆ ಈ ಬಿಸಲು, ಈ ಓಡಾಟ ಆಗಂಗಿಲ್ರಿ. ಟೆನ್ಶನ್ ಆಗ್ತೈತಿ. ಆರಾಮ ಮನ್ಯಾಗ ಇರ್ರಿ."

"ನಿಮಗ ಹೋದ ವರ್ಷ ಸೊಂಟ ಹಿಡಿದಿತ್ತಲ್ರಿ," ಅಂದೆ ಹಲ್ಲಿನ ಸಂದಿಯಿಂದ. "ಆವಾಗ ನಿಮಗ ಮನ್ಯಾಗ ಇರ್ರಿ ಅಂತ ಯಾರು ಹೇಳಿದ್ರು?"

ಅವನು ಚಾ ತರಿಸಿದ. ಕುಡಿಯಲು ಲೋಟ ಓರೆ ಮಾಡಬೇಕಾಯಿತು.

ಮರುದಿನ ಹೊಸಪೇಟೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಷ್ಟರಲ್ಲಿ ದವಡೆ ಸ್ವಲ್ಪ ಸಡಿಲಾಗಿತ್ತು. ಬಾಯೊಳಗೆ ಸಣ್ಣ ಕನ್ನಡಿ ಇಟ್ಟು, ಕೈಗೆ ಇನ್ನೊಂದು ಕನ್ನಡಿ ಕೊಟ್ಟು ತೋರಿಸಿದರು. ನನ್ನ ದವಡೆ ಹಲ್ಲುಗಳ ಮೇಲೆ ಇರಬೇಕಾದ ಏರುತಗ್ಗು ಇರಲಿಲ್ಲ. ಬಹಳ ದಿನ ಒಳಕಲ್ಲಿನಲ್ಲಿ ತಿರುವಿದ ಗುಂಡಿನ ಹಾಗೆ ಸವೆದು ನುಣ್ಣಗಾಗಿದ್ದವು. ಒಂದರ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಇಷ್ಟು ವರ್ಷ ಇಡೀ ಹಂಪಿಯ ಕಲ್ಲಿನ ಬಿರುಕು ಜನರಿಗೆ ತೋರಿಸಿದವಳಿಗೆ ನನ್ನ ಬಾಯಲ್ಲಿನ ಬಿರುಕು ನೋಡಿ ಕಣ್ಣಲ್ಲಿ ನೀರು ಬಂತು.

"ಎಷ್ಟು ಚಾ ಕುಡಿತೀರಿ?" ಡಾಕ್ಟರು ಕೇಳಿದರು.

"ಎಲ್ಲಾರು ಕುಡಿದಷ್ಟು."

"ಲಾಸ್ಟ್ ಚಾ ಯಾವಾಗ?"

ಯೋಚಿಸಿದೆ. ಮನೆಗೆ ಬಂದ ಕೂಡಲೇ ಒಂದು. ರೊಟ್ಟಿ ಬಡಿಯುವ ಮೊದಲು ಅತ್ತೆಯ ಜೊತೆ ಒಂದು. ಗಂಡ ಸಂಡೂರಿನಿಂದ ಹೊರಟೆ ಎಂದು ಫೋನ್ ಮಾಡಿದ ಮೇಲೆ, ಅವರು ಬರುವವರೆಗೆ ಹಸಿವು ತಡೆಯಲು ಇನ್ನೊಂದು.

"ಊಟ ಯಾವಾಗ ಮಾಡ್ತೀರಿ?"

"ಮನೆಯವ್ರು ಬಂದು ಉಂಡ ಮ್ಯಾಲೆ. ಹತ್ತೂವರಿ, ಹನ್ನೊಂದು."

"ಉಂಡ ಮ್ಯಾಲೆ ಎಷ್ಟೊತ್ತು ಬಿಟ್ಟು ಮಲಗ್ತೀರಿ?"

"ಪಾತ್ರಿ ತೊಳಿಯೋ ತನಕ."

ಅವರು ಗ್ಲೌಸ್ ತೆಗೆದು ಕುರ್ಚಿ ಎಳೆದುಕೊಂಡು ಕೂತರು. ಚಾದಲ್ಲಿರುವುದು ಮಿದುಳನ್ನು ಎಚ್ಚರ ಇಡುತ್ತದೆ, ನಿದ್ದೆ ಆಳಕ್ಕೆ ಇಳಿಯಲು ಬಿಡುವುದಿಲ್ಲ, ಆ ಅರೆನಿದ್ದೆಯಲ್ಲೇ ದವಡೆ ಕೆಲಸ ಮಾಡುವುದು ಹೆಚ್ಚು ಎಂದರು. ಹೊಟ್ಟೆ ತುಂಬ ಉಂಡು ತಕ್ಷಣ ಮಲಗಿದರೆ ಹುಳಿ ಗಂಟಲ ತನಕ ಬರುತ್ತದೆ, ಅದಕ್ಕೂ ಹಲ್ಲು ಕಡಿಯುವುದಕ್ಕೂ ನಂಟು ಇದೆ ಎಂದು ಹೇಳುತ್ತಾರೆ, ಜೊತೆಗೆ ಹುಳಿ ಹಲ್ಲಿನ ಮೇಲ್ಪದರವನ್ನೂ ಮೆತ್ತಗೆ ಮಾಡುತ್ತದೆ ಎಂದರು.

"ಊಟ ಸರಿ ಮಾಡಿದ್ರ ಪೂರಾ ನಿಂತು ಹೋಗ್ತೈತಿ ಅಂತ ನಾನು ಹೇಳಂಗಿಲ್ರಿ. ಮನಸಿನ ಒತ್ತಡಾನೂ ಇರ್ತೈತಿ, ಕೆಲವರ ಮೈ ಗುಣಾನೇ ಹಂಗ. ಆದ್ರ ಚಾ ಮಧ್ಯಾಹ್ನಕ್ಕ ನಿಲ್ಲಸ್ರಿ. ಏಳು ಗಂಟೆಗೆ ಊಟ ಮಾಡ್ರಿ. ಹಗಲೊತ್ತು ನೀರು ಕುಡೀರಿ. ರಾತ್ರಿ ಹಲ್ಲಿನ ಮ್ಯಾಲೆ ಹಾಕ್ಕೊಳ್ಳಾಕ ಒಂದು ಪ್ಲಾಸ್ಟಿಕ್ ಗಾರ್ಡ್ ಮಾಡಿ ಕೊಡ್ತೀನಿ. ಕೆಲವು ದಿನ ಗಟ್ಟಿ ಪದಾರ್ಥ ಬ್ಯಾಡ, ಖಡಕ್ ರೊಟ್ಟಿ ಅಂತೂ ಬ್ಯಾಡೇ ಬ್ಯಾಡ."

"ಖಡಕ್ ರೊಟ್ಟಿ ಬಿಡಂಗಿಲ್ರಿ."

"ಬಿರುಕು ಬಿಟ್ಟೈತ್ರಿ ಹಲ್ಲು."

"ಚಾ ಬಿಡ್ತೀನಿ ಡಾಕ್ಟರೇ. ರೊಟ್ಟಿ ಬಿಟ್ರ ನಾ ಏನು ತಿನ್ಲಿ?"

ಚೌಕಾಸಿಯಾಯಿತು. ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನಬಹುದು ಎಂದು ಒಪ್ಪಿಸಿಕೊಂಡೇ ಎದ್ದೆ.

ಸ್ಕೂಟಿಯಲ್ಲಿ ಮನೆಗೆ ಬರುವಾಗ ಇಷ್ಟೇ ತಾನೇ ಅನಿಸಿತ್ತು. ಚಾ ಮಧ್ಯಾಹ್ನಕ್ಕೆ ಬಿಡುವುದು, ಏಳು ಗಂಟೆಗೆ ಉಣ್ಣುವುದು. ಆಪರೇಶನ್ ಅಲ್ಲ, ದುಬಾರಿ ಔಷಧಿ ಅಲ್ಲ. ಮನೆಯ ಬಾಗಿಲು ತೆಗೆದಾಗ ತಿಳಿಯಿತು. ಆ ಮನೆಯಲ್ಲಿ ಮದುವೆಯಾಗಿ ಬಂದ ದಿನದಿಂದ ನಾನು ಗಂಡನಿಗಿಂತ ಮೊದಲು ಉಂಡಿರಲಿಲ್ಲ. ನನ್ನ ಅತ್ತೆ ಉಂಡಿರಲಿಲ್ಲ, ಅವರ ಅತ್ತೆಯೂ ಉಂಡಿರಲಿಲ್ಲ. ಹೀಗೆ ಮಾಡಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಸುಮ್ಮನೆ ಹಾಗೇ ನಡೆದಿತ್ತು.

ಅಂದು ಸಂಜೆ ಬಿಸಿ ರೊಟ್ಟಿ ಬಡಿದೆ. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಮೊಸರು. ತಾಟು ಹಚ್ಚಿಕೊಂಡು ಪಡಸಾಲೆಗೆ ಬಂದು ಕೂತೆ. ಅಡುಗೆಮನೆಯಲ್ಲಿ ಕೂತು ಉಣ್ಣಬಹುದಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಬೇಕಂತಲೇ ಪಡಸಾಲೆಗೆ ಬಂದೆ. ಅತ್ತೆ ಟೀವಿ ನೋಡುತ್ತಿದ್ದರು.

"ಯಾರಿಗದು ತಾಟು?"

"ನನಗ."

"ಅಂವ ಬಂದನೇನು?"

"ಇಲ್ಲ. ಇನ್ನೂ ಸಂಡೂರು ಬಿಟ್ಟಿಲ್ಲಂತ."

ಅವರು ಟೀವಿಯ ಸದ್ದು ಸಣ್ಣ ಮಾಡಿದರು. "ಗಂಡ ಉಪಾಸ ದುಡದು ಬರೋ ತನಕ ಹೆಂಡ್ತಿ ಹೊಟ್ಟಿ ತುಂಬಾ ಉಂಡು ಕುಂದರ್ತಾಳ. ಇದನ್ನ ಆ ಡಾಕ್ಟರು ಹೇಳಿದ್ಲೇನು?"

"ಏಳು ಗಂಟೆಗೆ ಉಣ್ಣು ಅಂದ್ಲು. ಗಂಡನ್ನ ಬಿಟ್ಟು ಉಣ್ಣು ಅನ್ನಲಿಲ್ಲ. ಏಳಕ್ಕ ಅವ್ರು ಬಂದ್ರ ಕೂಡೇ ಉಣ್ತೀನಿ."

"ನಾ ಇದ್ದಾಗ ಇದು ನಡೆಯಂಗಿಲ್ಲ."

ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ ಮೊದಲ ತುತ್ತು ಬಾಯಿಗಿಟ್ಟೆ. "ನೀವೂ ಬರ್ರಿ ಅತ್ತಿ, ಬಿಸಿ ಐತಿ. ಅವ್ರ ಹೊಟ್ಟಿ ಅವ್ರ ಹತ್ರ ಐತಿ, ನಮ್ಮ ಹೊಟ್ಟಿ ನಮ್ಮ ಹತ್ರ ಐತಿ" ಅಂದೆ. ಅವರು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ತಾಟಿನಲ್ಲಿದ್ದ ಕೊನೆಯ ಚೂರು ರೊಟ್ಟಿಯ ತನಕ ಉಂಡೆ, ಹಸಿವಿನಿಂದಲ್ಲ, ಎದ್ದರೆ ಸೋತಂತೆ ಎಂದು.

ಗಂಡ ಬಂದರು. ತಾಯಿ ಉಣ್ಣದೆ ಮಲಗಿದ್ದು, ಹೆಂಡತಿ ಉಂಡು ಕೂತಿದ್ದು, ಎರಡನ್ನೂ ನೋಡಿದರು. "ನನಗ ಯಾರು ಬಡಸ್ತಾರ?" ಅಂದರು ಮೆಲ್ಲಗೆ.

"ಎಲ್ಲಾ ಮುಚ್ಚಿಟ್ಟೀನಿ. ನಿಮಗ ಕೈ ಅದಾವಲ್ರಿ."

ಜಗಳವಾಡಲಿಲ್ಲ ಅವರು. ಒಬ್ಬರೇ ಕೂತು ಉಂಡರು. ತಾಟನ್ನು ತೊಳೆಯುವ ಕಡೆ ಇಡುವಾಗ ಮಾತ್ರ ಸ್ವಲ್ಪ ಜೋರಾಗಿ ಇಟ್ಟರು.

ಬೆಳಿಗ್ಗೆ ಅತ್ತೆ ಸೀರೆ ಚೀಲಕ್ಕೆ ಹಾಕಿಕೊಂಡು ಡ್ಯಾಮಿಗೆ, ಮಗಳ ಮನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ನಾದಿನಿಯ ಫೋನು. "ಅತ್ತಿಗಿ, ಅವ್ವ ಅಳಾಕತ್ತಾಳ. ಬಂದು ತಪ್ಪಾತು ಅನ್ರಿ, ಮುಗೀಲಿ."

ಭಾನುವಾರ ಹೋದೆ. ತಪ್ಪಾಯಿತು ಅನ್ನಲು ಅಲ್ಲ, ಅತ್ತೆಯನ್ನು ಕರೆದುಕೊಂಡು ಬರಲು. ಕ್ವಾರ್ಟರ್ಸಿನ ಸಣ್ಣ ಹಾಲಿನಲ್ಲಿ ಅತ್ತೆ ದಿವಾನದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ನಾನು ಬಂದ ಕೂಡಲೇ ನಾದಿನಿ ಚಾ ತಂದಳು. ಸಂಜೆ ಆಗಿತ್ತು.

"ಚಾ ಬ್ಯಾಡವ್ವ. ಮಜ್ಜಿಗಿ ಇದ್ರ ಕೊಡು."

ಅವಳ ಮುಖ ಕೆಂಪಾಯಿತು. ನಮ್ಮ ಊರಿನಲ್ಲಿ ಮನೆಗೆ ಬಂದವರು ಚಾ ಬೇಡ ಅಂದರೆ ಮನೆಯವರೇ ಬೇಡ ಅಂದ ಹಾಗೆ. "ನಮ್ಮವ್ವನ ಮಾತೂ ನಿಮಗ ಬ್ಯಾಡ, ನಮ್ಮ ಮನಿ ಚಾನೂ ಬ್ಯಾಡ" ಅಂದಳು.

"ಇಲ್ಲಿ ನೋಡು" ಎಂದು ಬಾಯಿ ತೆರೆದು, ಕಿಟಕಿಯ ಬೆಳಕಿಗೆ ತಿರುಗಿ, ಬಿರುಕು ಬಿಟ್ಟ ಹಲ್ಲನ್ನು ಬೆರಳಿಟ್ಟು ತೋರಿಸಿದೆ. "ಇದು ಒಡದ್ರ ನಾಳಿಂದ ನಾನು ಮಂದಿ ಮುಂದ ಹೆಂಗ ಮಾತಾಡ್ಲಿ? ಇಲಿ ಅಂತ ನಕ್ಕಿದ್ದಿ. ಆ ಇಲಿ ತಿಂದಿದ್ದು ಇದನ್ನ."

ಅವಳು ಹತ್ತಿರ ಬಂದು ನೋಡಿದಳು. ಸಿಟ್ಟಿನಲ್ಲೇ ನೋಡಿದಳು, ಆದರೆ ನೋಡಿದಳು. ಲೋಟ ಒಳಗೆ ತೆಗೆದುಕೊಂಡು ಹೋದಳು. ಬರುವಾಗ ಮಜ್ಜಿಗೆ ಇತ್ತು. ಅತ್ತೆ ಮಾತ್ರ ನನ್ನ ಜೊತೆ ಬರಲಿಲ್ಲ.

ಆ ದಿನಗಳು ಸುಲಭವಾಗಿರಲಿಲ್ಲ. ಮಧ್ಯಾಹ್ನದ ಮೇಲಿನ ಚಾ ಬಿಟ್ಟದ್ದಕ್ಕೆ ತಲೆ ಸಿಡಿಯುತ್ತಿತ್ತು. ಸಂಜೆ ಆದರೆ ಸಣ್ಣ ಮಾತಿಗೂ ಕಣ್ಣೀರು. ಹಂಪಿಯಲ್ಲಿ ಪ್ರತಿ ತಂಡದವರೂ ಪ್ರೀತಿಯಿಂದ "ಮೇಡಂಗೊಂದು ಚಾ" ಎಂದು ಕೂಗುತ್ತಾರೆ. ಬೇಡ ಎಂದರೆ ಕಾಫಿ, ಕಾಫಿ ಬೇಡ ಎಂದರೆ ತಂಪು ಪಾನೀಯ. ಗಂಡನ ಕಡೆಯ ನೆಂಟರ ಮನೆಗೆ ಚೋರನೂರಿಗೆ ಹೋದಾಗ ಆ ಮನೆಯ ಮುದುಕಿ, "ನಮ್ಮನೀ ಚಾ ಕುಡಿಯಾಕ ನಿಂಗ ಏನು ಧಾಡಿ?" ಎಂದು ನೇರ ಕೇಳಿದಳು. "ಧಾಡಿ ಹಲ್ಲಿಂದು, ಅಮ್ಮ. ಸಜ್ಜಿ ರೊಟ್ಟಿ ಇದ್ರ ಕೊಡು, ಎರಡು ತಿಂತೀನಿ" ಎಂದೆ. ಮಜ್ಜಿಗೆಯಲ್ಲಿ ನೆನೆಸಿಕೊಂಡು ಅವಳ ಮುಂದೆ ಕೂತು ತಿಂದೆ. ಆಕೆಯ ಸಿಟ್ಟು ಹೋಯಿತು. ಊಟ ಬೇಡ ಅನ್ನುವವಳಲ್ಲ ನಾನು ಎಂದು ತೋರಿಸಿಕೊಡುವುದು ಎಲ್ಲ ಕಡೆ ಕೆಲಸಕ್ಕೆ ಬಂತು.

ಮನೆಯಲ್ಲಿ ಗಂಡ ಒಂದು ದಾರಿ ಹುಡುಕಿಕೊಂಡರು. ಬಾಯಲ್ಲಿ ಏನೂ ಹೇಳದೆ ಒಂದು ದಿನ ಎರಡು ಡಬ್ಬಿ ತಂದರು. ಮಧ್ಯಾಹ್ನಕ್ಕೊಂದು, ಸಂಜೆಗೊಂದು. ಸಂಡೂರಿನ ಆಫೀಸಿನಲ್ಲೇ ಎಂಟರೊಳಗೆ ಉಂಡು, ಮನೆಗೆ ಬಂದು ಒಂದು ಲೋಟ ಹಾಲು ಕುಡಿದು ಮಲಗತೊಡಗಿದರು. "ಅಲ್ಲಿ ಹುಡುಗ್ರೆಲ್ಲ ಕೇಳಿದ್ರು, ಏನ್ಸಾರ್ ಎರಡೆರಡು ಡಬ್ಬಿ ಅಂತ" ಅಂದರು.

"ಏನಂದ್ರಿ?"

"ಹೆಂಡ್ತಿ ಹಲ್ಲು ಕಡೀತಾಳ ಅಂದೆ. ಯಾರೂ ಮುಂದ ಕೇಳ್ಲಿಲ್ಲ."

ಇಬ್ಬರೂ ಬಹಳ ದಿನದ ಮೇಲೆ ಒಟ್ಟಿಗೆ ನಕ್ಕೆವು.

ಅತ್ತೆ ತಾವಾಗಿಯೇ ವಾಪಸು ಬಂದರು. ಯಾರೂ ಕರೆಯಲು ಹೋಗಿರಲಿಲ್ಲ; ಆಟೋದಿಂದ ಇಳಿದು, ಚೀಲ ಕೋಣೆಯಲ್ಲಿಟ್ಟು, ಟೀವಿ ಹಚ್ಚಿದರು. ಏಳು ಗಂಟೆಗೆ ನಾನು ತಾಟು ಹಚ್ಚಿಕೊಂಡು ಕೂತೆ. ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಹೀಗೇ ಕೆಲವು ದಿನ. ಆಮೇಲೊಂದು ಸಂಜೆ ನಾನು ಕೂತಾಗ ಅವರೂ ಅಡುಗೆಮನೆಗೆ ಹೋಗಿ ತಾಟಿನಲ್ಲಿ ಅನ್ನ, ಸಾರು ಹಾಕಿಕೊಂಡು ಬಂದು ಎದುರಿಗೆ ಕೂತರು.

"ನಿನ್ನ ಸಲುವಾಗಿ ಅಲ್ಲ," ಅಂದರು. "ನನ್ನ ಸಕ್ಕರಿ ಗುಳಿಗಿ ಜಲ್ದಿ ತಗೋಬೇಕಂತ."

"ಆತ್ರಿ ಅತ್ತಿ."

ಇಷ್ಟು ವರ್ಷ ಎದೆ ಉರಿ ಎಂದು ರಾತ್ರಿ ಎದ್ದು ಸೋಡಾ ಪುಡಿ ಕಲಸಿ ಕುಡಿಯುತ್ತಿದ್ದವರು ಅವರು. ಆ ಡಬ್ಬಿ ಈಗ ಅಡುಗೆಮನೆಯ ಗೂಡಿನಲ್ಲಿ ಹಾಗೇ ಕೂತಿದೆ, ಯಾರೂ ಮುಟ್ಟುವುದಿಲ್ಲ. ನಾನು ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಗೆದ್ದವರು ಯಾರು ಎಂದು ಕೇಳಿದರೆ ಅವರು ಇಂದಿಗೂ ತಾವೇ ಅನ್ನುತ್ತಾರೆ. ಅನ್ನಲಿ. ಉಣ್ಣುತ್ತಾರಲ್ಲ.

ಹಲ್ಲು ಕಡಿಯುವುದು ಪೂರ್ತಿ ನಿಂತಿಲ್ಲ. ನಿಂತಿತು ಎಂದು ಬರೆದರೆ ಕಥೆ ಚೆಂದವಾಗುತ್ತದೆ, ಸುಳ್ಳಾಗುತ್ತದೆ. ಗಂಡನ ಮಾತಿನಲ್ಲಿ ಹೇಳುವುದಾದರೆ, ಮೊದಲು ಕಲ್ಲು ಪುಡಿ ಮಾಡುವ ಕ್ರಶರ್ ನಡೆದ ಹಾಗಿತ್ತು, ಈಗ ಯಾವಾಗಲೋ ಒಮ್ಮೆ ಯಾರೋ ಕಲ್ಲುಸಕ್ಕರೆ ತಿಂದ ಹಾಗೆ. ಡಾಕ್ಟರು ಗಾರ್ಡನ್ನು ಬೆಳಕಿಗೆ ಹಿಡಿದು ನೋಡಿ, ಗೀರು ಕಡಿಮೆಯಾಗಿದೆ ಅನ್ನುತ್ತಾರೆ. ಬಿರುಕಿನ ಹಲ್ಲಿಗೆ ಟೊಪ್ಪಿಗೆ ಹಾಕಿದ್ದಾರೆ. ಸೀಸನ್ನಿನಲ್ಲಿ, ತಂಡದ ಮೇಲೆ ತಂಡ ಬಂದು ಸಂಜೆ ಒಂದು ಚಾಗೆ ಸೋತ ದಿನ, ಮರುದಿನ ಬೆಳಿಗ್ಗೆ ಕಪಾಳ ನನಗೆ ತಿಳಿಸುತ್ತದೆ. ಆಗ ನನ್ನ ಮೇಲೆ ಯಾರೂ ಕೂಗಬೇಕಿಲ್ಲ.

ಈ ವರ್ಷ ಸೀಸನ್ ಶುರುವಿಗೆ ಒಬ್ಬ ಟೂರ್ ಏಜೆಂಟರು ಫೋನ್ ಮಾಡಿದರು. ದೊಡ್ಡ ತಂಡ, ಹೇಮಕೂಟದ ಮೇಲೆ ಸೂರ್ಯಾಸ್ತ ತೋರಿಸಿ, ಆಮೇಲೆ ಹೋಟೆಲಿನಲ್ಲಿ ಅವರ ಜೊತೆ ಕೂತು ಇತಿಹಾಸ ಹೇಳಬೇಕು, ರಾತ್ರಿ ಊಟವೂ ಅಲ್ಲೇ ಎಂದರು.

"ಆಗಂಗಿಲ್ರಿ. ನಾನು ಆರಕ್ಕ ಮನೀಗೆ ಹೊರಡ್ತೀನಿ."

"ಯಾಕ್ ಮೇಡಂ, ಮನ್ಯಾಗ ಏನಾರ ತೊಂದ್ರಿ ಏನ್ರಿ?"

"ಏನಿಲ್ರಿ. ಊಟ ಮಾಡ್ಬೇಕು."

"ಊಟಕ್ಕ ಇಂಥಾ ಟೂರ್ ಬಿಡ್ತೀರೇನ್ರಿ?"

"ಹೌದ್ರಿ, ಊಟಕ್ಕ."

ಫೋನ್ ಇಟ್ಟರು. ಬೇರೆ ಗೈಡು ಸಿಗುತ್ತಾರೆ, ಹೋಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದರು. ತಂಡದವರಿಗೆ ನೀವೇ ಬೇಕಂತೆ, ಸೂರ್ಯಾಸ್ತದ ಬದಲು ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ ಆಗುತ್ತದಾ ಎಂದು ಕೇಳಿದರು. ಆಗುತ್ತದೆ ಎಂದೆ. ನಸುಕಿನಲ್ಲಿ ಹೊರಡಬೇಕು ಎಂದರು. ಬರುತ್ತೇನೆ ಎಂದೆ. ಜೊತೆಗೆ ಬೆಟ್ಟ ಹತ್ತುವ ಮೊದಲು ಒಂದು ಚಾ ಕೂಡ ಕುಡಿಯುತ್ತೇನೆ, ಅದನ್ನು ನೀವೇ ತರಿಸಬೇಕು ಎಂದೂ ಹೇಳಿದೆ.